ಆಯಿಲ್ ಕ್ಯಾಚ್ ಕ್ಯಾನ್ ಹಾಕಿಸಬೇಕಾ? ನಮ್ಮ ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾನೆಟ್ ಎತ್ತಿದರೆ ಸಾಕು, ಪಕ್ಕದಲ್ಲಿ ನಿಂತವರು ಕೇಳುವ ಮೊದಲ ಮಾತು: "ಈ ಡಬ್ಬಿ ಏನ್ರೀ?" ನನ್ನದು ಹಳೆಯ ಟರ್ಬೊ ಡೀಸೆಲ್ ಗಾಡಿ. ಆಯಿಲ್ ಕ್ಯಾಚ್ ಕ್ಯಾನ್ ಅನ್ನುವ ಈ ಡಬ್ಬಿ ಹಾಕಿ ಮೂರು ಬೇಸಿಗೆ ಕಳೆದಿವೆ. ಮೊದಲ ಸಲ ಹಾಕಿದ್ದು ತಪ್ಪಾಗಿತ್ತು, ಎರಡನೇ ಸಲ ಸರಿಯಾಯಿತು. ಪೆಟ್ರೋಲ್ ಬಂಕಿನಲ್ಲಿ, ಗ್ಯಾರೇಜಿನಲ್ಲಿ, ಮದುವೆ ಮನೆ ಹೊರಗೆ ಗಾಡಿ ನಿಲ್ಲಿಸಿದಾಗ ಕೇಳಿಸಿಕೊಂಡ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಈ ಡಬ್ಬಿ ಮಾಡುವ ಕೆಲಸ ಏನು?

ಇಂಜಿನ್ ಒಳಗೆ ಇಂಧನ ಉರಿಯುವಾಗ ಒತ್ತಡ ಭಾರಿ ಇರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಅದು 100 ಬಾರ್ ದಾಟುತ್ತದೆ. ಆ ಒತ್ತಡ ಸೋರದಂತೆ ಪಿಸ್ಟನ್‌ಗೆ ರಿಂಗ್‌ಗಳಿವೆ, ನಿಜ. ಆದರೆ ರಿಂಗ್ ಅಂದರೆ ಪೂರ್ತಿ ಮುಚ್ಚಿದ ಬಳೆಯಲ್ಲ, ಅದರ ಬಾಯಿ ಸಣ್ಣದಾಗಿ ತೆರೆದೇ ಇರುತ್ತದೆ. ಆ ಸಂದಿಯಿಂದ ಸ್ವಲ್ಪ ಗ್ಯಾಸ್ ಕೆಳಗೆ ಜಾರಿ ಆಯಿಲ್ ಇರುವ ಜಾಗಕ್ಕೆ ಬರುತ್ತದೆ. ನಮ್ಮ ಮಿಸ್ತ್ರಿಗಳು "ಬ್ಯಾಕ್ ಕಂಪ್ರೆಷನ್" ಅನ್ನುವುದು ಇದಕ್ಕೇ. ಹೊಸ ಇಂಜಿನ್ನಿನಲ್ಲೂ ಇದು ಇರುತ್ತದೆ, ಸವೆದ ಇಂಜಿನ್ನಿನಲ್ಲಿ ಜಾಸ್ತಿ.

ಈ ಗ್ಯಾಸ್ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಆಯಿಲ್ ಸೀಲ್‌ಗಳನ್ನು ಒತ್ತಿ ಹೊರಗೆ ಹಾಕುತ್ತದೆ. ಅದಕ್ಕೇ ಬ್ರೀದರ್ ಪೈಪ್ ಇರುವುದು. ಆ ಪೈಪಿನಲ್ಲಿ ಗ್ಯಾಸ್ ಜೊತೆ ಆಯಿಲ್ ಆವಿ, ಸಣ್ಣ ಹನಿ, ನೀರಿನಂಶ ಎಲ್ಲವೂ ಬರುತ್ತವೆ. ಪೈಪು ನೇರವಾಗಿ ಇಂಜಿನ್ ಗಾಳಿ ಎಳೆಯುವ ದಾರಿಗೆ ಸೇರುವುದರಿಂದ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಪೈಪ್, ಆ ಗಾಳಿ ತಣಿಸುವ ಇಂಟರ್‌ಕೂಲರ್, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಎಲ್ಲಾ ಕಡೆ ಜಿಡ್ಡು ಹಿಡಿಯುತ್ತದೆ. ಕ್ಯಾಚ್ ಕ್ಯಾನ್ ಈ ದಾರಿಯ ಮಧ್ಯೆ ಕೂರುತ್ತದೆ. ಒಳಗಿನ ತಗಡಿಗೂ ಜಾಳಿಗೂ ಬಡಿದು ಹನಿ ಕಟ್ಟಿ ಎಣ್ಣೆ ಕೆಳಗಿಳಿಯುತ್ತದೆ, ಗ್ಯಾಸ್ ಮುಂದೆ ಹೋಗುತ್ತದೆ. ಅನ್ನ ಬೇಯುವಾಗ ಮುಚ್ಚಳದ ಒಳಗೆ ಹನಿ ಕಟ್ಟುತ್ತದಲ್ಲ, ಅಷ್ಟೇ.

ಅಷ್ಟು ಒಳ್ಳೆಯದಾದರೆ ಕಂಪನಿಯವರೇ ಯಾಕೆ ಕೊಡುವುದಿಲ್ಲ?

ಕೊಡುತ್ತಾರೆ, ನಮಗೆ ಕಾಣುವುದಿಲ್ಲ ಅಷ್ಟೇ. ಈಗಿನ ಎಷ್ಟೋ ಇಂಜಿನ್ನುಗಳಲ್ಲಿ ಮೇಲಿನ ವಾಲ್ವ್ ಕವರ್ ಒಳಗೇ ಎಣ್ಣೆ ಬೇರ್ಪಡಿಸುವ ಚಿಕ್ಕ ಅರೆ ಇದೆ. ಅದು ಎಲ್ಲವನ್ನೂ ಹಿಡಿಯುವುದಿಲ್ಲ. ಹೊರಗೆ ಡಬ್ಬಿ ಕೊಟ್ಟರೆ ಗಿರಾಕಿ ಅದನ್ನು ಆಗಾಗ ಖಾಲಿ ಮಾಡಬೇಕು, ಮರೆತರೆ ದೂರು ಕಂಪನಿಗೇ ಬರುತ್ತದೆ. ಯಾಕೆ ಬೇಕು ತಲೆನೋವು?

ಹಿಂದಿನ ಕಾಲದಲ್ಲಿ ಈ ಗ್ಯಾಸನ್ನು ಸುಮ್ನೆ ನೆಲಕ್ಕೆ ಬಿಡುತ್ತಿದ್ದರು. ಹಳೆಯ ಟ್ರ್ಯಾಕ್ಟರ್ ಕೆಳಗೆ ನೋಡಿ, ಪಕ್ಕದಲ್ಲಿ ಒಂದು ಪೈಪ್ ಕೆಳಮುಖವಾಗಿ ಇಳಿದು ಹನಿ ಹನಿ ಎಣ್ಣೆ ಸುರಿಸುತ್ತಿರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಮಂಜು ಜಾಸ್ತಿಯಾಗಿ, 1961ರ ಮಾಡೆಲ್ ಕಾರುಗಳಿಂದ ಆ ಗ್ಯಾಸನ್ನು ಮತ್ತೆ ಇಂಜಿನ್ನಿಗೇ ಎಳೆದು ಸುಡುವ ಪಿಸಿವಿ ವಾಲ್ವ್ ಬಂತು. ಆಮೇಲೆ ಎಲ್ಲಾ ಕಡೆ ಅದೇ ಪದ್ಧತಿ ಆಯಿತು. ಊರಿನ ಗಾಳಿಗೆ ಒಳ್ಳೆಯದಾಯಿತು, ಇಂಜಿನ್ ಹೊಟ್ಟೆಗೆ ಜಿಡ್ಡು ಬಿತ್ತು.

ನನ್ನ ಗಾಡಿಗೆ ಬೇಕಾ?

ಎಲ್ಲರಿಗೂ ಬೇಡ. ಮಾಮೂಲಿ ಎಂಪಿಎಫ್‌ಐ ಪೆಟ್ರೋಲ್ ಕಾರಾದರೆ ಆ ದುಡ್ಡಿಗೆ ಒಳ್ಳೆ ಇಂಜಿನ್ ಆಯಿಲ್ ಹಾಕಿಸಿ. ಅಲ್ಲಿ ಪೆಟ್ರೋಲ್, ಸಿಲಿಂಡರಿಗೆ ಗಾಳಿ ಬಿಡುವ ಇಂಟೇಕ್ ವಾಲ್ವ್ ಹಿಂದೆಯೇ ಚಿಮ್ಮುತ್ತದೆ, ವಾಲ್ವ್ ತಾನೇ ತೊಳೆದುಕೊಳ್ಳುತ್ತದೆ.

ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಬೇರೆ ಕಥೆ. ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಬೀಳುವುದರಿಂದ ವಾಲ್ವಿಗೆ ಸ್ನಾನವೇ ಇಲ್ಲ. ಎಣ್ಣೆ ಆವಿ ಬಂದು ಬಿಸಿ ವಾಲ್ವಿನ ಬೆನ್ನಿಗೆ ಅಂಟಿ, ಸುಟ್ಟು, ಇದ್ದಿಲಾಗಿ ಕೂರುತ್ತದೆ. ಇಂಥ ಗಾಡಿಗೆ ಡಬ್ಬಿ ಹಾಕಿಸುವುದಕ್ಕೆ ಅರ್ಥವಿದೆ.

ಟರ್ಬೊ ಡೀಸೆಲ್‌ಗೂ ಉಪಯೋಗವಿದೆ, ಅದರಲ್ಲೂ ಇಜಿಆರ್ ಇದ್ದರೆ. ಇಜಿಆರ್ ಅಂದರೆ ಸೈಲೆನ್ಸರ್‌ಗೆ ಹೋಗಬೇಕಾದ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಕಳಿಸುವ ವ್ಯವಸ್ಥೆ. ಅದರ ಮಸಿ ಒಣಗಿದ್ದರೆ ಅಷ್ಟು ತೊಂದರೆ ಇಲ್ಲ, ಎಣ್ಣೆ ಜೊತೆ ಸೇರಿದರೆ ಡಾಂಬರಿನ ಹಾಗೆ ಗಟ್ಟಿಯಾಗುತ್ತದೆ. ಯಾದಗಿರಿ, ಶಹಾಪುರ ಕಡೆ ಜನ ತುಂಬಿಕೊಂಡು ಓಡುವ ಕ್ರೂಸರ್, ಸಿಮೆಂಟ್ ಫ್ಯಾಕ್ಟರಿಗೆ ಸಿಬ್ಬಂದಿ ಒಯ್ಯುವ ಬೊಲೆರೊ, ಹುಮನಾಬಾದಿನಿಂದ ಹೈದರಾಬಾದಿಗೆ ದಿನಾ ಹೊಡೆಯುವ ಗಾಡಿ, ಇವೆಲ್ಲ ವರ್ಷಕ್ಕೆ ಓಡುವ ದೂರ ನೋಡಿದರೆ ಡಬ್ಬಿ ದುಬಾರಿ ಅನಿಸುವುದಿಲ್ಲ.

ಸಿಎನ್‌ಜಿ? ಎಣ್ಣೆಗಿಂತ ನೀರೇ ಜಾಸ್ತಿ ಸಿಗುತ್ತದೆ. ಬಿಡಿ.

ಟ್ರ್ಯಾಕ್ಟರ್ ಏರ್ ಫಿಲ್ಟರ್ ಕೆಳಗಿನ ಎಣ್ಣೆ ಬಟ್ಟಲು ಇದೇನಾ?

ಅಲ್ಲ. ಅದು ಹೊರಗಿನ ಧೂಳನ್ನು ಎಣ್ಣೆಯಲ್ಲಿ ಮುಳುಗಿಸಿ ಹಿಡಿಯುವ ಬಟ್ಟಲು, ಅದಕ್ಕೆ ಎಣ್ಣೆ ನಾವೇ ಹಾಕುತ್ತೇವೆ. ಇದು ಇಂಜಿನ್ ಒಳಗಿನಿಂದ ಬರುವ ಎಣ್ಣೆ ಹಿಡಿಯುವ ಡಬ್ಬಿ.

ಹಾಕಿಸುವ ಮೊದಲು ಏನು ನೋಡಿಕೊಳ್ಳಬೇಕು?

ಮೊದಲು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ತೆಗೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿದ್ದರೆ ಬ್ರೀದರ್‌ನಲ್ಲಿ ಎಣ್ಣೆ ಬರುವುದು ಸಹಜ. ಹೊಸ ಆಯಿಲ್ ಡಬ್ಬದಲ್ಲಿ ಉಳಿದದ್ದು ಯಾಕೆ ಹಾಳು ಅಂತ ಪೂರ್ತಿ ಸುರಿದುಬಿಡುವ ಮಿಸ್ತ್ರಿಗಳು ನಮ್ಮಲ್ಲಿ ಕಮ್ಮಿ ಇಲ್ಲ. ಆಯಿಲ್ ಮಟ್ಟ ಇಳಿಸಿದರೆ ಅರ್ಧ ರೋಗ ಅಲ್ಲೇ ವಾಸಿ.

ಆಮೇಲೆ ಇಂಜಿನ್ ಬಿಸಿ ಮಾಡಿ, ಎಕ್ಸಲರೇಟರ್ ಒತ್ತದೆ ಐಡಲ್‌ನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಬೋರಲಾಗಿ ಇಡಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ಎಣ್ಣೆ ಸಿಡಿಯಬಹುದು. ಡೀಸೆಲ್‌ನಲ್ಲಿ ಮುಚ್ಚಳ ಸ್ವಲ್ಪ ಅಲುಗಿದರೆ ಚಿಂತೆ ಇಲ್ಲ. ಕುಣಿದು ಹಾರಿಬಿದ್ದರೆ, ಪುಸ್ ಪುಸ್ ಅಂತ ಹೊಗೆ ಬಂದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಪೆಟ್ರೋಲ್‌ನಲ್ಲಿ ಮುಚ್ಚಳವನ್ನು ಒಳಗೆ ಎಳೆದಂತೆ ಅನಿಸಬೇಕು, ಆದರೆ ತೆಗೆಯುವುದಕ್ಕೇ ಬಾರದಷ್ಟು ಜೋರಾಗಿ ಎಳೆದರೆ ಪಿಸಿವಿ ಕಡೆ ತೊಂದರೆ ಇದೆ, ಹೆಚ್ಚಾಗಿ ಅದರ ರಬ್ಬರ್ ಪರದೆ ಹರಿದಿರುತ್ತದೆ. ಅದನ್ನು ಮೊದಲು ಸರಿ ಮಾಡಿಸಿ.

ಯಾವ ಡಬ್ಬಿ ಕೊಳ್ಳಬೇಕು?

ಹೊಳಪು ನೋಡಿ ಕೊಳ್ಳಬೇಡಿ, ಬಿಚ್ಚಿ ನೋಡಿ. ಅಗ್ಗದ ಡಬ್ಬಿಗಳಲ್ಲಿ ಬಹಳಷ್ಟು ಒಳಗೆ ಖಾಲಿ ಡೋಲು. ಒಂದು ತೂತಿನಲ್ಲಿ ಬಂದ ಗಾಳಿ ಸೀದಾ ಇನ್ನೊಂದು ತೂತಿನಲ್ಲಿ ಹೋಗುತ್ತದೆ, ಎಣ್ಣೆ ಯಾಕೆ ನಿಲ್ಲುತ್ತದೆ ಹೇಳಿ? ಒಳಬರುವ ಪೈಪ್ ಕೆಳಗಿನವರೆಗೆ ಇಳಿದಿರಬೇಕು, ಮಧ್ಯೆ ತೂತಿನ ತಗಡು ಇಲ್ಲವೇ ಸ್ಟೇನ್‌ಲೆಸ್ ಜಾಳಿ ಇರಬೇಕು, ಕೆಳಗೆ ಖಾಲಿ ಮಾಡುವ ನಲ್ಲಿ ಇದ್ದರೆ ಪುಣ್ಯ. ಅಳತೆ 300ರಿಂದ 750 ಮಿಲಿ ಇದ್ದರೆ ಸಾಕು.

ಖಾಲಿ ಡಬ್ಬಿಗೆ ಪಾತ್ರೆ ತಿಕ್ಕುವ ಜಾಳಿ ತುರುಕುವ ಉಪಾಯ ಎಲ್ಲರಿಗೂ ಗೊತ್ತು. ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದು, ಮೇಲೆ ತೂತಿನ ತಗಡು ಅದನ್ನು ಹಿಡಿದಿದ್ದರೆ ಪರವಾಗಿಲ್ಲ. ಆದರೆ ಕಬ್ಬಿಣದ ನಾರು ತುಕ್ಕು ಹಿಡಿದು ಉದುರುತ್ತದೆ. ಆ ಚೂರು ಟರ್ಬೊ ರೆಕ್ಕೆಗೆ ಹೋದರೆ ಡಬ್ಬಿಯ ಉಳಿತಾಯವೆಲ್ಲ ಒಂದೇ ದಿನದಲ್ಲಿ ಮುಗಿಯಿತು. ಸ್ಪಂಜು, ಹತ್ತಿ ಬೇಡವೇ ಬೇಡ.

ಪೈಪ್ ಯಾವುದು ಹಾಕಬೇಕು?

ನಾನು ಮೋಸ ಹೋಗಿದ್ದು ಇಲ್ಲೇ. ಡಬ್ಬಿಗೆ ಲೆಕ್ಕ ಮಾಡದೆ ದುಡ್ಡು ಕೊಟ್ಟು, ಪೈಪಿಗೆ ಜಿಪುಣತನ ಮಾಡಿದೆ. ರೇಡಿಯೇಟರ್ ನೀರಿಗೆ ಹಾಕುವ ಸಾದಾ ರಬ್ಬರ್ ಪೈಪ್ ಸಿಕ್ಕಿತು, ಅದನ್ನೇ ಹಾಕಿದೆವು. ಚಳಿಗಾಲ ಪೂರ್ತಿ ಏನೂ ಆಗಲಿಲ್ಲ. ಮೇ ತಿಂಗಳಲ್ಲಿ, ಹೊರಗೆ 42 ಡಿಗ್ರಿ, ಜೇವರ್ಗಿಗೆ ಹೊರಟಿದ್ದೆ. ಕಟ್ಟಿಸಂಗಾವಿ ಸೇತುವೆ ದಾಟುವ ಹೊತ್ತಿಗೆ ಸುಟ್ಟ ಎಣ್ಣೆ ವಾಸನೆ. ಬಾನೆಟ್ ಎತ್ತಿದರೆ ಡಿಪ್‌ಸ್ಟಿಕ್ ಅರ್ಧ ಮೇಲೆ ಬಂದಿದೆ, ಸುತ್ತ ಎಲ್ಲಾ ಎಣ್ಣೆ. ಎಣ್ಣೆ ಕುಡಿದು ಕುಡಿದು ಆ ಪೈಪ್ ಮೆತ್ತಗಾಗಿ, ಬಳುಕಿನಲ್ಲಿ ಮಡಚಿಕೊಂಡು ಬಾಯಿ ಮುಚ್ಚಿತ್ತು. ಗ್ಯಾಸಿಗೆ ದಾರಿ ಇಲ್ಲ, ಸಿಕ್ಕಲ್ಲಿ ಒತ್ತಿ ಹೊರಬಂತು. ಹಿಂದಿನ ಆಯಿಲ್ ಸೀಲ್ ಉಳಿದಿದ್ದೇ ಅದೃಷ್ಟ. ಟರ್ಬೊಗೆ ಹೋದ ಆಯಿಲ್ ಕೂಡ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಬರಬೇಕು, ಕೆಳಗೆ ಒತ್ತಡ ಕಟ್ಟಿದರೆ ಅದು ಇಳಿಯದೆ ಟರ್ಬೊ ಸೀಲ್ ದಾಟಿ ಸೋರುತ್ತದೆ.

ಹಾಗಾಗಿ ಎಣ್ಣೆ ತಡೆಯುವ ಪೈಪೇ ಬೇಕು. ಅಂಗಡಿಯಲ್ಲಿ ನೈಟ್ರೈಲ್ ರಬ್ಬರ್, ಒಳಗೆ ನೂಲಿನ ಹೆಣಿಗೆ ಇರುವುದು ಅಂತ ಕೇಳಿ. ಟ್ರ್ಯಾಕ್ಟರ್, ಜೆಸಿಬಿಗೆ ಹೈಡ್ರಾಲಿಕ್ ಪೈಪ್ ಮಾಡಿಕೊಡುವ ಅಂಗಡಿಗಳಲ್ಲಿ ಸಿಗುತ್ತದೆ. ನಿಮ್ಮ ಗಾಡಿಯ ಮೂಲ ಬ್ರೀದರ್ ಪೈಪಿನ ಒಳಅಳತೆಗಿಂತ ಸಣ್ಣದು ಎಲ್ಲೂ ಬರಬಾರದು. ಡಬ್ಬಿಯ ಮೂತಿ 9 ಮಿಮೀ, ಗಾಡಿಯದು 19 ಮಿಮೀ ಇದ್ದರೆ ಆ ಡಬ್ಬಿ ನಿಮ್ಮ ಗಾಡಿಗೆ ಅಲ್ಲ, ಜೋಡಣೆ ತುಂಡು ಹಾಕಿ ಸಣ್ಣ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ.

ನಾನೇ ಹಾಕಬಹುದಾ? ಹೇಗೆ?

ಸ್ಪ್ಯಾನರ್, ಸ್ಕ್ರೂ ಡ್ರೈವರ್ ಹಿಡಿದು ಗೊತ್ತಿದ್ದರೆ ಎರಡು ತಾಸಿನ ಕೆಲಸ. ಇಂಜಿನ್ ತಣ್ಣಗಿರಲಿ. ಬೆಳಗ್ಗೆ ಬೇಗ ಶುರು ಮಾಡಿ, ಹನ್ನೊಂದರ ಮೇಲೆ ನಮ್ಮ ಬಿಸಿಲಿನಲ್ಲಿ ಸ್ಪ್ಯಾನರ್ ಮುಟ್ಟುವುದಕ್ಕೂ ಆಗುವುದಿಲ್ಲ.

ವಾಲ್ವ್ ಕವರ್‌ನಿಂದ ಹೊರಟು ಏರ್ ಫಿಲ್ಟರ್ ಮತ್ತು ಟರ್ಬೊ ನಡುವಿನ ದಪ್ಪ ಪೈಪಿಗೆ ಸೇರುವುದೇ ಬ್ರೀದರ್. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಮೂಲ ಪೈಪನ್ನು ಕತ್ತರಿಸಬೇಡಿ, ಹಾಗೇ ತೆಗೆದು ಎತ್ತಿಡಿ, ಮುಂದೆ ಬೇಕಾಗುತ್ತದೆ. ಡಬ್ಬಿಗೆ ಜಾಗ ಹುಡುಕುವಾಗ ಮೂರು ಮಾತು ನೆನಪಿಡಿ: ಟರ್ಬೊ, ಎಕ್ಸಾಸ್ಟ್ ಹತ್ತಿರ ಬೇಡ, ಬಾನೆಟ್ ಮುಚ್ಚಿದಾಗ ತಾಗಬಾರದು, ಇಂಜಿನ್ ಮೇಲೆ ಕೂರಿಸದೆ ಬಾಡಿಗೆ ಕೂರಿಸಿ. ಇಂಜಿನ್ ಅಲುಗಾಟಕ್ಕೆ ಪಟ್ಟಿ ಮುರಿಯುತ್ತದೆ. ಇರುವ ಬೋಲ್ಟಿಗೇ ಎಲ್ ಪಟ್ಟಿ ಹಾಕಿದರೆ ತೂತು ಕೊರೆಯುವ ಗೋಜಿಲ್ಲ. ಪಟ್ಟಿಯನ್ನು ಲೇಥ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು, ನಾನೂ ಹಾಗೇ ಮಾಡಿದ್ದು.

ಡಬ್ಬಿ ನೆಟ್ಟಗೆ ನಿಲ್ಲಬೇಕು. ಇಂಜಿನ್ನಿನಿಂದ ಬರುವ ಪೈಪ್ ಡಬ್ಬಿ ಕಡೆ ಇಳಿಜಾರಾಗಿರಲಿ, ನಡುವೆ ಜೋತುಬಿದ್ದರೆ ಅಲ್ಲೇ ಎಣ್ಣೆ ನಿಂತು ಪೈಪ್ ಕಟ್ಟುತ್ತದೆ. ಇಂಜಿನ್ ಕಡೆಯದು ಡಬ್ಬಿಯ ಒಳಮೂತಿಗೆ, ಟರ್ಬೊ ಕಡೆಯದು ಹೊರಮೂತಿಗೆ. ತಿರುಗುಮುರುಗು ಹಾಕಿದವರನ್ನು ನೋಡಿದ್ದೇನೆ, ಹಿಡಿದ ಎಣ್ಣೆಯನ್ನೇ ಗಾಡಿ ಮತ್ತೆ ಕುಡಿಯುತ್ತಿತ್ತು. ನಾಲ್ಕೂ ತುದಿಗೆ ಸ್ಟೀಲ್ ಕ್ಲಿಪ್ ಹಾಕಿ, ಪ್ಲಾಸ್ಟಿಕ್ ಟ್ಯಾಗ್ ನಡೆಯುವುದಿಲ್ಲ.

ಟರ್ಬೊ ಪೆಟ್ರೋಲ್‌ಗೂ ಹೀಗೇನಾ?

ಅದು ಸ್ವಲ್ಪ ಕಷ್ಟ. ಅಲ್ಲಿ ದಾರಿ ಎರಡು. ಮೆಲ್ಲಗೆ ಹೋಗುವಾಗ ಮ್ಯಾನಿಫೋಲ್ಡ್ ತಾನೇ ಎಳೆಯುತ್ತದೆ, ಗ್ಯಾಸ್ ಪಿಸಿವಿ ಮೂಲಕ ಆ ಕಡೆ ಹೋಗುತ್ತದೆ. ಒತ್ತಿ ಓಡಿಸಿದಾಗ ಟರ್ಬೊ ಮ್ಯಾನಿಫೋಲ್ಡಿಗೆ ಗಾಳಿ ತುಂಬುತ್ತದೆ, ಆಗ ಪಿಸಿವಿ ಮುಚ್ಚಿಕೊಂಡು ಗ್ಯಾಸ್ ಟರ್ಬೊಗಿಂತ ಮೊದಲಿನ ಪೈಪಿಗೆ ಹೋಗುತ್ತದೆ. ಎರಡನ್ನೂ ಹಿಡಿಯಬೇಕೆಂದರೆ ಎರಡು ಡಬ್ಬಿ ಬೇಕು, ಇಲ್ಲವೇ ಒಂದೇ ಡಬ್ಬಿಗೆ ಮೂರು ಮೂತಿ ಮತ್ತು ಒಂದೇ ಕಡೆ ಗಾಳಿ ಬಿಡುವ ಚೆಕ್ ವಾಲ್ವ್ ಬೇಕು. ಚೆಕ್ ವಾಲ್ವ್ ಮರೆತರೆ ಟರ್ಬೊ ಒತ್ತಡ ನೇರ ಆಯಿಲ್ ಇರುವ ಜಾಗಕ್ಕೇ ನುಗ್ಗುತ್ತದೆ. ಈ ಕೆಲಸ ಮೊದಲು ಮಾಡಿದವರ ಕೈಗೆ ಕೊಡಿ.

ಪೈಪ್ ಬಿಚ್ಚಿ, ತುದಿಗೆ ಸಣ್ಣ ಫಿಲ್ಟರ್ ಹಾಕಿ ಗಾಳಿಗೆ ಬಿಟ್ಟರೆ ಸಾಲದಾ?

ಬೇಡ. ವಾಸನೆ ಎಸಿ ಮೂಲಕ ಒಳಗೆ ಬರುತ್ತದೆ, ಹಿಂದೆ ಕೂತ ಮಕ್ಕಳು ವಾಂತಿ ಮಾಡಿಕೊಳ್ಳುತ್ತಾರೆ. ಈ ಗ್ಯಾಸ್ ಹೊರಗೆ ಬಿಡುವುದು ಹೊಗೆ ನಿಯಮಕ್ಕೂ ಹೊಂದುವುದಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಮ್ಯಾನಿಫೋಲ್ಡ್ ಕಡೆಯ ತೂತು ತೆರೆದುಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಐಡಲ್ ಕುಂಟುತ್ತದೆ, ಇಂಜಿನ್ ಲೈಟ್ ಹತ್ತುತ್ತದೆ. ಡಬ್ಬಿಗೆ ಹೋಗುವುದೊಂದು ಪೈಪ್, ವಾಪಸ್ ಬರುವುದೊಂದು ಪೈಪ್, ದಾರಿ ಮುಚ್ಚಿದ್ದೇ ಇರಲಿ.

ನಮ್ಮ ಕಡೆ ಧೂಳು ಜಾಸ್ತಿ. ಡಬ್ಬಿ ಅದನ್ನೂ ತಡೆಯುತ್ತದಾ?

ತಡೆಯುವುದಿಲ್ಲ. ಸರಿಯಾಗಿ ಹಾಕದಿದ್ದರೆ ಡಬ್ಬಿಯೇ ಧೂಳಿಗೆ ಬಾಗಿಲು ತೆರೆಯುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಾಪಸ್ ಪೈಪ್ ಸೇರುವ ಜಾಗ ಯಾವುದು? ಏರ್ ಫಿಲ್ಟರ್ ದಾಟಿದ ಮೇಲೆ, ಟರ್ಬೊಗಿಂತ ಮೊದಲು. ಅಲ್ಲಿ ಟರ್ಬೊ ಗಾಳಿಯನ್ನು ಜೋರಾಗಿ ಎಳೆಯುತ್ತಿರುತ್ತದೆ. ಕ್ಲಿಪ್ ಸಡಿಲವಾದರೆ, ಡಬ್ಬಿಯ ಮುಚ್ಚಳದ ರಬ್ಬರ್ ಉಂಗುರ ಸರಿ ಕೂರದಿದ್ದರೆ, ಡಬ್ಬಿಯ ಡಿಪ್‌ಸ್ಟಿಕ್ ಸಡಿಲ ಇದ್ದರೆ, ಅಲ್ಲಿಂದ ಫಿಲ್ಟರ್ ಆಗದ ಗಾಳಿ ಸೀದಾ ಒಳಗೆ. ಬೆಂಗಳೂರಿನ ಟಾರು ರಸ್ತೆಯಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ. ಆದರೆ ಸೇಡಂ, ವಾಡಿ ಕಡೆ ಸಿಮೆಂಟ್ ಲಾರಿ ಹಿಂದೆ ಹೋಗಿ ನೋಡಿ, ಶಹಾಬಾದಿನ ಕಲ್ಲು ಗಣಿ ದಾರಿಯಲ್ಲಿ ಹೋಗಿ ನೋಡಿ, ತೊಗರಿ ರಾಶಿ ಹೊತ್ತಿಗೆ ರಸ್ತೆ ಮೇಲೇ ಬೆಳೆ ಹರವಿದಾಗ ಎದ್ದ ಹೊಟ್ಟಿನಲ್ಲಿ ಹೋಗಿ ನೋಡಿ. ಸಿಲಿಂಡರ್ ಒಳಗೆ ಆ ಧೂಳು ಉಸುಕಿನ ಕಾಗದದ ಹಾಗೆ ಕೆಲಸ ಮಾಡುತ್ತದೆ. ರಿಂಗ್ ಸವೆದು ಬ್ಯಾಕ್ ಕಂಪ್ರೆಷನ್ ಜಾಸ್ತಿಯಾಗುತ್ತದೆ, ಡಬ್ಬಿ ಬೇಗ ತುಂಬುತ್ತದೆ, ನಾವು "ನೋಡ್ರಿ, ಡಬ್ಬಿ ಎಷ್ಟು ಚೆನ್ನಾಗಿ ಎಣ್ಣೆ ಹಿಡಿಯುತ್ತಿದೆ" ಅಂತ ಖುಷಿಪಡುತ್ತೇವೆ.

ಹಾಕಿ 100 ಕಿಮೀ ಓಡಿದ ಮೇಲೆ ಒಂದು ಸಲ ಎಲ್ಲಾ ಕ್ಲಿಪ್ ಮತ್ತೆ ಬಿಗಿ ಮಾಡಿ. ರಬ್ಬರ್ ಬಿಸಿಗೆ ಕುಗ್ಗಿ ಸಡಿಲವಾಗಿರುತ್ತದೆ. ತಿಂಗಳಿಗೊಮ್ಮೆ ಆ ದಪ್ಪ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ. ಬರೀ ಜಿಡ್ಡು ಇದ್ದರೆ ಸರಿ. ಜಿಡ್ಡಿನ ಜೊತೆ ಗರಗರ ಅಂದರೆ ಎಲ್ಲೋ ಧೂಳು ನುಸುಳುತ್ತಿದೆ, ಗಾಡಿ ನಿಲ್ಲಿಸಿ ಹುಡುಕಿ.

ಎಷ್ಟು ದಿನಕ್ಕೆ ಖಾಲಿ ಮಾಡಬೇಕು? ಒಳಗೆ ಮಜ್ಜಿಗೆ ತರಹ ಬಿಳಿ ಬಂದಿದೆ, ಹೆಡ್ ಗ್ಯಾಸ್ಕೆಟ್ ಹೋಯಿತಾ?

ಮೊದಲ ಸಲ 500 ಕಿಮೀಗೆ ನೋಡಿ, ಆಮೇಲೆ 1,000 ಕಿಮೀಗೆ ಒಮ್ಮೆ. ನನ್ನ ಗಾಡಿಯಲ್ಲಿ 1,000 ಕಿಮೀಗೆ ಎರಡು ಮೂರು ಚಮಚ ಬರುತ್ತದೆ. ನಿಮ್ಮದು ಹೆಚ್ಚು ಕಮ್ಮಿ ಆಗಬಹುದು. ಎಷ್ಟು ಬಂತು ಅಂತ ಡೈರಿಯಲ್ಲಿ ಬರೆದಿಡಿ. ಒಂದು ಸಲದ ಅಳತೆಗಿಂತ ಅದು ಏರುತ್ತಿದೆಯೋ ಇಲ್ಲವೋ ಅನ್ನುವುದೇ ಮುಖ್ಯ.

ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ ತಲೆಗೂ ಬ್ಲಾಕಿಗೂ ನಡುವೆ ನೀರು, ಎಣ್ಣೆ ಬೆರೆಯದಂತೆ ತಡೆಯುವ ಪದರ. ಬಿಳಿ ಮಜ್ಜಿಗೆ ಕಂಡ ಮಾತ್ರಕ್ಕೆ ಗಾಬರಿ ಬೇಡ. ಒಂದು ಲೀಟರ್ ಇಂಧನ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ರಿಂಗ್ ದಾಟಿ ಬಂದು ತಣ್ಣನೆ ಡಬ್ಬಿಯಲ್ಲಿ ಎಣ್ಣೆ ಜೊತೆ ಕಲೆಯುತ್ತದೆ. ಬೀದರ್ ಎತ್ತರದ ಊರು, ಡಿಸೆಂಬರ್ ಬೆಳಗಿನ ಚಳಿಯಲ್ಲಿ ಹತ್ತು ನಿಮಿಷ ಓಡಿಸಿ ನಿಲ್ಲಿಸುವವರಿಗೆ ಇದು ಜಾಸ್ತಿ ಕಾಣುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಡಬ್ಬಿಯೇ ಕಾದಿರುವುದರಿಂದ ಆವಿ ಹನಿಯಾಗದೆ ಮುಂದೆ ಹೋಗುತ್ತದೆ, ಸಿಗುವುದು ಕಮ್ಮಿ. ಆದರೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ, ಇಂಜಿನ್ ಡಿಪ್‌ಸ್ಟಿಕ್ ಮೇಲೂ ಬಿಳಿ ಕಂಡರೆ, ಆಗ ಗ್ಯಾಸ್ಕೆಟ್ ಅನುಮಾನ ಮಾಡಿ.

ಖಾಲಿ ಮಾಡುವುದು ಮರೆತರೆ?

ಡೀಸೆಲ್‌ನಲ್ಲಿ ಇದು ಆಟವಲ್ಲ. ತುಂಬಿದ ಡಬ್ಬಿ, ಜೋರು ಬ್ರೇಕ್ ಅಥವಾ ತಿರುವು, ಎಣ್ಣೆ ಒಮ್ಮೆಗೇ ಟರ್ಬೊಗೆ ಹೋಗುತ್ತದೆ. ಡೀಸೆಲ್ ಇಂಜಿನ್ ಆ ಎಣ್ಣೆಯನ್ನೇ ಇಂಧನ ಮಾಡಿಕೊಂಡು ಓಡಬಲ್ಲದು. ಕೀ ತೆಗೆದರೂ ನಿಲ್ಲುವುದಿಲ್ಲ, ಆರ್‌ಪಿಎಂ ಏರುತ್ತಲೇ ಹೋಗುತ್ತದೆ, ಹಿಂದೆ ಬಿಳಿ ಹೊಗೆಯ ಮೋಡ. ಹಾಗಾದರೆ ಗಾಡಿ ನಿಲ್ಲಿಸಿ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ದೊಡ್ಡ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಕಟ್ಟಿಹಾಕಬೇಕು. ಗಾಳಿ ಪೈಪಿನ ಬಾಯಿಗೆ ಕೈ ಇಡಲೇಬೇಡಿ. ಅರ್ಧ ತುಂಬುವ ಮೊದಲೇ ಖಾಲಿ ಮಾಡಿದರೆ ಈ ಭಯ ಇಲ್ಲ.

ಮೈಲೇಜ್ ಬರುತ್ತದಾ? ಪವರ್?

ಇಲ್ಲ. ಬರುತ್ತದೆ ಅಂದವರು ಡಬ್ಬಿ ಮಾರುವವರು.

ವಾರಂಟಿ ಹೋಗುತ್ತದಾ?

ಹೋಗಬಹುದು. ಇಂಜಿನ್ನಿಗೋ ಟರ್ಬೊಗೋ ಏನಾದರೂ ಆದರೆ ಮೊದಲು ತೋರಿಸುವುದು ನಿಮ್ಮ ಡಬ್ಬಿಯನ್ನೇ. ವಾರಂಟಿ ಇರುವವರೆಗೆ ಸುಮ್ನೆ ಇರಿ. ಮೂಲ ಪೈಪ್ ಎತ್ತಿಡಿ ಅಂದೆನಲ್ಲ, ಅದು ಇಂಥದ್ದಕ್ಕೂ ಸೇರಿ.

ಹಿಡಿದ ಎಣ್ಣೆ ಮತ್ತೆ ಇಂಜಿನ್ನಿಗೆ ಹಾಕಬಹುದಾ?

ಛೇ. ಅದರಲ್ಲಿ ನೀರು, ಸುಡದ ಡೀಸೆಲ್, ಹುಳಿ (ಆಸಿಡ್) ಎಲ್ಲಾ ಸೇರಿದೆ. ಬಂಡಿ ಗಾಲಿಗೆ, ಬಾಗಿಲ ಕೀಲಿಗೆ ಹಾಕುತ್ತೇನೆ ಅಂದರು ನಮ್ಮ ಕಾಕಾ. ಮೂರು ತಿಂಗಳಲ್ಲಿ ಕೀಲು ತುಕ್ಕು ಹಿಡಿದು ಕಿರ್ ಅಂತು. ಮೋರಿಗೂ ಹೊಲಕ್ಕೂ ಸುರಿಯಬೇಡಿ. ಹಳೆಯ ಬಾಟಲಿಯಲ್ಲಿ ಕೂಡಿಸಿಟ್ಟು, ಆಯಿಲ್ ಬದಲಿಸುವಾಗ ಗ್ಯಾರೇಜಿನ ಹಳೆ ಎಣ್ಣೆ ಡ್ರಮ್ಮಿಗೆ ಹಾಕಿ.

ನನ್ನ ಡಬ್ಬಿ ವಾರಕ್ಕೊಮ್ಮೆ ತುಂಬುತ್ತಿದೆ. ಇನ್ನೂ ದೊಡ್ಡದು ಹಾಕಲಾ?

ಯಾದಗಿರಿಯ ಕ್ರೂಸರ್ ಮಾಲೀಕರೊಬ್ಬರು ಇದನ್ನೇ ಕೇಳಿದರು. ಎರಡು ಲೀಟರ್ ಡಬ್ಬಿ ಲೇಥ್‌ನಲ್ಲಿ ಮಾಡಿಸುವುದಕ್ಕೆ ಅಳತೆಯನ್ನೂ ಬರೆದುಕೊಂಡು ಬಂದಿದ್ದರು. "ಅಣ್ಣಾ, ಮಳೆಗೆ ಮನೆ ಸೋರಿದರೆ ದೊಡ್ಡ ಬಕೆಟ್ ತರುತ್ತೀರಾ?" ಅಂದೆ. ನಕ್ಕರು, ಆದರೆ ಒಪ್ಪಲಿಲ್ಲ. ಮೊದಲು ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರಿನ ಒತ್ತಡ, ಚೆಕ್ ಮಾಡಿಸಿ, ಯಾವ ಸಿಲಿಂಡರ್ ಕಮ್ಮಿ ಇದೆ ನೋಡಿ, ಆಮೇಲೆ ಡಬ್ಬಿ ಮಾತು ಆಡೋಣ ಅಂದೆ. ಮೂರನೇ ಸಿಲಿಂಡರಿನಲ್ಲಿ ಒತ್ತಡ ಬಿದ್ದಿತ್ತು. ರಿಂಗ್ ಸೆಟ್ ಹಾಕಿಸಿದ ಮೇಲೆ ಫೋನ್ ಮಾಡಿ, ಹಳೆಯ ಸಣ್ಣ ಡಬ್ಬಿಯೇ ಸಾಕು, ತಿಂಗಳಾದರೂ ತಳ ಮುಚ್ಚಿಲ್ಲ ಅಂದರು.